ಡಂಗುರದಿಂದ ಜಾಹೀರಾತಿಗೆ: ರಾಯಚೂರು ಸೀಮೆಯ ಹಿಂದಿನ ಕಾಲದ ವ್ಯಾಪಾರ ವ್ಯವಹಾರ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಕಟ್ಟಡ, ಸೇವೆ ಸಲ್ಲಿಸಿದ ಗುರುಗಳು, ಕನ್ಯಾಸ್ತ್ರೀಯರು ಮತ್ತು ಉಪದೇಶಿಗಳ ವಿಷಯವಾಗಿ ಲೇಖನಗಳು ಬರುವುದು ರೂಢಿ. ಸಂಚಿಕೆಯ ಕೊನೆಗೆ ಊರಿನ ಅಂಗಡಿಗಳ ಜಾಹೀರಾತುಗಳಿರುತ್ತವೆ. ಮೊದಲಿನವನ್ನು ನಾವು ಭಕ್ತಿಯಿಂದ ಓದುತ್ತೇವೆ. ಕೊನೆಯವನ್ನು ಓದದೆ ಮಗುಚುತ್ತೇವೆ. ಆದರೆ ನಮ್ಮ ಹಿರಿಯರ ಬಾಳಿನ ಬಹುಭಾಗ ಕಳೆದದ್ದು ಆ ಕೊನೆಯ ಪುಟಗಳ ಲೋಕದಲ್ಲಿಯೇ. ಭಾನುವಾರ ಪೂಜೆ ಮುಗಿಸಿ ಮನೆ ಸೇರಿದವರು ಸೋಮವಾರದಿಂದ ಶನಿವಾರದವರೆಗೆ ಏನನ್ನು ಕೊಂಡರು, ಏನನ್ನು ಮಾರಿದರು, ಕೆಲಸ ಎಲ್ಲಿದೆಯೆಂದು ಯಾರಿಂದ ತಿಳಿದರು, ಬೆಲೆಯನ್ನು ಯಾರ ಬಾಯಿಂದ ಕೇಳಿದರು? ಇಪ್ಪತ್ತನೆಯ ಶತಮಾನದ ಆರಂಭದ ರಾಯಚೂರು, ಮಾನ್ವಿ, ದೇವದುರ್ಗಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಕಲ್ಲಿನ ಮೇಲಿನ ಪ್ರಕಟಣೆ

ಸಾರ್ವಜನಿಕ ಪ್ರಕಟಣೆಯೆಂಬುದು ಈ ನೆಲಕ್ಕೆ ಹೊಸದಲ್ಲ. 1915ರಲ್ಲಿ ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ಅಶೋಕ ಚಕ್ರವರ್ತಿಯ ಶಿಲಾಶಾಸನವೊಂದು ಬೆಳಕಿಗೆ ಬಂದು, ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಆ ಶಾಸನದಿಂದ ಲೋಕಕ್ಕೆ ಸ್ಪಷ್ಟವಾಯಿತು. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಕಾಕತೀಯರ ಕಾಲದ ಶಾಸನವಿರುವ ನಾಲ್ವತ್ತು ಅಡಿಗೂ ಮೀರಿದ ಶಿಲೆಯನ್ನು ಇಂದಿಗೂ ಕಾಣಬಹುದು; ಅಂಥ ಬಂಡೆಯನ್ನು ಬಂಡಿಯ ಮೇಲೆ ಸಾಗಿಸಿ ತಂದ ಬಗೆಯನ್ನೂ ಅಲ್ಲಿ ಚಿತ್ರವಾಗಿ ಕೊರೆದಿದ್ದಾರೆ. ಆದರೆ ಕಲ್ಲನ್ನು ಓದಬಲ್ಲವರು ಆಗಲೂ ಕೆಲವರೇ. ತನ್ನ ಮಾತನ್ನು ಜನರಿಗೆ ಓದಿ ಕೇಳಿಸಬೇಕೆಂದು ಅಶೋಕನು ಕೆಲವು ಶಾಸನಗಳಲ್ಲಿ ಅಧಿಕಾರಿಗಳಿಗೆ ಆಜ್ಞಾಪಿಸಿದ್ದಾನೆ. ಬರೆದವನು ಒಬ್ಬ, ಓದಿ ಹೇಳುವವನು ಇನ್ನೊಬ್ಬ, ಕೇಳಿ ನಂಬುವವನು ಮತ್ತೊಬ್ಬ. ನಮ್ಮ ಸೀಮೆಯ ವ್ಯವಹಾರದ ಇತಿಹಾಸವೆಲ್ಲ ಈ ಮೂವರ ನಡುವಿನ ಅಂತರದ ಇತಿಹಾಸವೆಂದರೆ ತಪ್ಪಾಗದು.

ಎರಡು ನದಿ, ಎರಡು ನಾಣ್ಯ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಈ ದೋಆಬು ಪ್ರದೇಶವನ್ನು ಹೈದರಾಬಾದಿನ ನಿಜಾಮರು 1853ರಲ್ಲಿ ಬ್ರಿಟಿಷರಿಗೆ ಒಪ್ಪಿಸಿ, 1860ರಲ್ಲಿ ಮರಳಿ ಪಡೆದರು. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವೂ ಮದರಾಸು ಕಡೆಯಿಂದ ಬಂದ ಮದ್ರಾಸ್ ರೈಲುಮಾರ್ಗವೂ ರಾಯಚೂರಿನಲ್ಲಿ ಕೂಡಿದವು. ಅಂದಿನಿಂದ ಕೋಟೆಯ ಊರು ಪೇಟೆಯ ಊರಾಯಿತು. 1901ರ ಜನಗಣತಿಯ ವೇಳೆಗೆ ಸುಮಾರು 22,000 ಜನಸಂಖ್ಯೆಯಿದ್ದ ಈ ಪಟ್ಟಣದಿಂದ ಹತ್ತಿ, ಎಣ್ಣೆಕಾಳು, ಚರ್ಮಗಳು ಎರಡು ಮಹಾನಗರಗಳಿಗೂ ಹೋಗತೊಡಗಿದವು. ಅಲ್ಲಿಂದ ಸೀಮೆಎಣ್ಣೆ, ಕಡ್ಡಿಪೆಟ್ಟಿಗೆ, ಗಿರಣಿಬಟ್ಟೆಗಳು ಬರತೊಡಗಿದವು. ಸುಮಾರು ಐವತ್ತು ಕಿಲೋಮೀಟರು ದೂರದ ಮಾನ್ವಿಗೂ ದೇವದುರ್ಗಕ್ಕೂ ರೈಲು ಇರಲಿಲ್ಲ. ಅಲ್ಲಿಯ ಮಾಲು ಎತ್ತಿನ ಬಂಡಿಯ ಮೇಲೆ ಬರಬೇಕು. ನದಿ ದಾಟಬೇಕಾದರೆ ಹರಿಗೋಲೇ ಗತಿ.

ಹೀಗೆ ಬಂದ ಸರಕಿಗೆ ಬೆಲೆ ಕಟ್ಟುವುದು ಸುಲಭದ ಮಾತಾಗಿರಲಿಲ್ಲ. ನಿಜಾಮ ರಾಜ್ಯಕ್ಕೆ ತನ್ನದೇ ನಾಣ್ಯವಿತ್ತು: ಹಾಲಿ ಸಿಕ್ಕಾ ರೂಪಾಯಿ. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಜನ ‘ಕಲ್ದಾರ’ ಎನ್ನುತ್ತಿದ್ದರು, ಅಂದರೆ ಯಂತ್ರದಲ್ಲಿ ಅಚ್ಚಾದದ್ದು. ಮುಂದೆ ಹಾಲಿಯೂ ಯಂತ್ರದಲ್ಲಿಯೇ ಅಚ್ಚಾಗಿ, ಅದರ ಮೇಲೆ ಚಾರ್‌ಮಿನಾರಿನ ಚಿತ್ರ ಬಂದರೂ, ಹಳೆಯ ಹೆಸರುಗಳು ಹೋಗಲಿಲ್ಲ. ಆರು ಕಲ್ದಾರಕ್ಕೆ ಸುಮಾರು ಏಳು ಹಾಲಿ ಎಂಬುದು ವಾಡಿಕೆಯ ಲೆಕ್ಕ. ಸಂತೆಯಲ್ಲಿ ಜೋಳ ಮಾರಿದವನ ಕೈಗೆ ಹಾಲಿ ಬರುತ್ತಿತ್ತು. ರೈಲಿನ ಟಿಕೇಟಿಗೆ ಕಲ್ದಾರ ಬೇಕಾಗುತ್ತಿತ್ತು. ನಡುವೆ ಕುಳಿತ ಸರಾಫನು ವಟ್ಟ ಹಿಡಿಯುತ್ತಿದ್ದನು.

ಇದಲ್ಲದೆ ರಾಜ್ಯದ ಗಡಿ ದಾಟುವ ಸರಕಿನ ಮೇಲೆ ಕರೋಡಗಿರಿ ಎಂಬ ಸುಂಕ, ನೂರಕ್ಕೆ ಐದರಂತೆ. ತುಂಗಭದ್ರೆಯ ಆಚೆ ದಡ ಬ್ರಿಟಿಷರದು. ಈಚೆ ದಡ ನಿಜಾಮರದು. ಒಂದೇ ಭಾಷೆಯ, ಒಂದೇ ಬಳಗದ ಜನರ ನಡುವೆ ಸುಂಕದ ಕಟ್ಟೆ ಕುಳಿತಿತ್ತು. ವರ್ಷವೂ ಬೇರೆ: ಕಚೇರಿಯ ಕಾಗದಗಳಲ್ಲಿ ಫಸಲಿ ಸನ. ಅದಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಕ್ರಿಸ್ತಶಕ ದೊರೆಯುವುದು. ಹಳೆಯ ಕ್ರಯಪತ್ರಗಳನ್ನು ಮನೆಯ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡಿರುವವರು ಈ ಲೆಕ್ಕವನ್ನು ನೆನಪಿಡುವುದು ಒಳ್ಳೆಯದು.

ಹಲಗೆಯ ದನಿ

ಇಂಥ ಊರುಗಳಲ್ಲಿ ಜಾಹೀರಾತಿನ ಕೆಲಸವನ್ನು ಮಾಡುತ್ತಿದ್ದುದು ಕಾಗದವಲ್ಲ, ದನಿ. ಕಂದಾಯದ ಗಡುವು, ಕಳೆದುಹೋದ ಎತ್ತು, ಜಪ್ತಿಯಾದ ಹೊಲದ ಹರಾಜು, ಜಾತ್ರೆಯ ದಿನ, ಪ್ಲೇಗು ಬಂದಾಗ ಊರು ಬಿಡಬೇಕೆಂಬ ಅಪ್ಪಣೆ, ಇವೆಲ್ಲವೂ ಡಂಗುರದ ಮೂಲಕವೇ ಜನರನ್ನು ತಲುಪುತ್ತಿದ್ದವು. ಹಲಗೆ ಬಾರಿಸುತ್ತ ಓಣಿಯಿಂದ ಓಣಿಗೆ ನಡೆದು, ನಾಲ್ಕು ದಾರಿ ಕೂಡುವಲ್ಲಿ ನಿಂತು, ಹೇಳಬೇಕಾದುದನ್ನು ಗಟ್ಟಿಯಾಗಿ ಸಾರಿ, ಮತ್ತೆ ಹಲಗೆ ಬಾರಿಸುವುದು. ಪಟವಾರಿ ಹೇಳಿಕೊಟ್ಟ ಮಾತನ್ನು ಒಂದಕ್ಷರವೂ ತಪ್ಪದಂತೆ ನೆನಪಿನಲ್ಲಿಟ್ಟು ಊರಿಗೆಲ್ಲ ತಲುಪಿಸುವುದು ಸಾಮಾನ್ಯ ಶಕ್ತಿಯಲ್ಲ.

ಈ ಕೆಲಸ ಬಹುತೇಕ ದಲಿತ ಕೇರಿಯ ಜನರದಾಗಿತ್ತು ಎಂಬುದನ್ನು ನಾವು ಮರೆಯಲಾಗದು. ಊರಿಗೆಲ್ಲ ಸುದ್ದಿ ತಂದವನು ಊರಿನ ಅಂಗಡಿಯ ಮೆಟ್ಟಿಲೇರುವಂತಿರಲಿಲ್ಲ. ಅವನು ಕೊಂಡ ಉಪ್ಪು ದೂರದಿಂದ ಅವನ ಸೆರಗಿಗೆ ಬೀಳುತ್ತಿತ್ತು; ಅವನು ಕೊಟ್ಟ ಕಾಸನ್ನು ನೆಲದ ಮೇಲಿಟ್ಟು, ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು. ಅವನ ದನಿ ಎಲ್ಲ ಮನೆಗಳನ್ನು ಹೊಗುತ್ತಿತ್ತು, ಅವನು ಹೊಗುತ್ತಿರಲಿಲ್ಲ. ಹಳೆಯ ವ್ಯವಹಾರದ ಸರಳತೆಯನ್ನು ಹೊಗಳುವವರು ಈ ಮಾತನ್ನೂ ಸೇರಿಸಿ ಹೇಳಬೇಕು.

ದನಿಯ ಪ್ರಕಟಣೆಗೆ ಒಂದು ಗುಣವಿತ್ತು: ಅದಕ್ಕೆ ಊರೇ ಸಾಕ್ಷಿ. ನಾಲ್ಕು ಮಂದಿಯ ಎದುರಿಗೆ ಆಡಿದ ಮಾತನ್ನು ನಾಳೆ ಅಲ್ಲಗಳೆಯುವುದು ಕಷ್ಟ. ನಮ್ಮ ಧರ್ಮಸಭೆಯೂ ಇದನ್ನು ಬಹುಕಾಲದ ಹಿಂದೆಯೇ ಬಲ್ಲದು. ವಿವಾಹಕ್ಕೆ ಮುನ್ನ ವಧೂವರರ ಹೆಸರನ್ನು ದೇವಾಲಯದಲ್ಲಿ ಪ್ರಕಟಿಸಬೇಕೆಂದು 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆ ವಿಧಿಸಿತು. ಸತತವಾಗಿ ಮೂರು ಹಬ್ಬದ ದಿನಗಳಲ್ಲಿ ಪ್ರಕಟಿಸಬೇಕೆಂದು 1563ರಲ್ಲಿ ಟ್ರೆಂಟ್ ಮಹಾಸಭೆ ನಿಯಮ ಮಾಡಿತು. ಅಡ್ಡಿಯಿದ್ದವರು ಎದ್ದು ಹೇಳಲಿ ಎಂಬುದೇ ಅದರ ತಾತ್ಪರ್ಯ. ಪತ್ರಿಕೆಯ ‘ವಧೂವರರು ಬೇಕಾಗಿದ್ದಾರೆ’ ಎಂಬ ಅಂಕಣದಲ್ಲಿ ಹೆಸರಿಲ್ಲ, ಪೆಟ್ಟಿಗೆ ಸಂಖ್ಯೆಯಿದೆ. ನಮ್ಮ ಪ್ರಕಟಣೆಯಲ್ಲಿ ಹೆಸರಿದೆ, ತಂದೆತಾಯಿಯ ಹೆಸರಿದೆ, ಕೇಳುವವರು ನೆರೆಹೊರೆಯವರೇ. ಎರಡೂ ಪ್ರಕಟಣೆಗಳೇ ಆದರೂ ಎರಡರ ಹೊಣೆ ಒಂದೇ ಅಲ್ಲ.

ಸಂತೆಯ ಮಾತು, ಟುವಾಲಿನ ಕೆಳಗಿನ ಬೆರಳು

ವಾರದ ಸಂತೆಯು ಆ ಕಾಲದ ಜನರ ಪಾಲಿಗೆ ಮಾರುಕಟ್ಟೆಯೂ ಹೌದು, ವೃತ್ತಪತ್ರಿಕೆಯೂ ಹೌದು. ಜೋಳ, ಸಜ್ಜೆ, ತೊಗರಿ, ಕುಸುಬೆ, ಶೇಂಗಾ, ಕುರುಬರು ನೆಯ್ದ ಕಂಬಳಿ, ಮೇದಾರರ ಬುಟ್ಟಿ, ಕುಂಬಾರರ ಗಡಿಗೆ, ಇವುಗಳ ಜೊತೆಗೆ ಸುದ್ದಿಯೂ ಅಲ್ಲಿ ಕೈ ಬದಲಾಯಿಸುತ್ತಿತ್ತು. ಯಾವ ಊರಿನಲ್ಲಿ ಮಳೆಯಾಯಿತು, ಯಾರ ಮನೆಯಲ್ಲಿ ಹೋರಿ ಮಾರಾಟಕ್ಕಿದೆ, ಯಾವ ಜಿನ್ನಿನಲ್ಲಿ ಕೂಲಿಯಾಳು ಬೇಕಾಗಿದ್ದಾರೆ, ಎಲ್ಲಿ ಕನ್ಯೆಯಿದ್ದಾಳೆ, ಇವೆಲ್ಲ ಅಲ್ಲಿಯ ಮಾತುಗಳು.

ದನದ ಸಂತೆಯಲ್ಲಿ ಮಾತ್ರ ಬೆಲೆಯನ್ನು ಬಾಯಿ ಬಿಟ್ಟು ಆಡುತ್ತಿರಲಿಲ್ಲ. ದಲ್ಲಾಳಿಯು ಮಾರುವವನ ಕೈಯನ್ನೂ ಕೊಳ್ಳುವವನ ಕೈಯನ್ನೂ ಟುವಾಲಿನ ಕೆಳಗೆ ಹಿಡಿದು, ಬೆರಳು ಅದುಮಿ ಬೆಲೆ ಹೇಳುತ್ತಿದ್ದನು. ಎಲ್ಲರ ಎದುರಿಗೆ ನಡೆಯುವ ವ್ಯಾಪಾರದ ಗುಟ್ಟು ಮೂವರಿಗೆ ಮಾತ್ರ ಗೊತ್ತು. ಅದರಲ್ಲಿಯೂ ಪೂರ್ತಿ ಗೊತ್ತಿರುವುದು ನಡುವಿನವನಿಗೆ.

ವ್ಯವಹಾರದ ಪದಗಳನ್ನು ಗಮನಿಸಿದರೂ ಈ ಪೇಟೆ ಎಷ್ಟು ದಾರಿಗಳ ಕೂಡುವ ಸ್ಥಳವೆಂಬುದು ತಿಳಿಯುತ್ತದೆ. ‘ದಲ್ಲಾಳಿ’, ‘ಹರಾಜು’ ಅರಬ್ಬೀ ಮೂಲದವು. ‘ಜಾಹೀರು’ ಎಂಬುದೂ ಅರಬ್ಬಿಯಿಂದ ಬಂದದ್ದೇ. ಬಯಲಾದದ್ದು, ಪ್ರಕಟವಾದದ್ದು ಎಂದು ಅದರರ್ಥ. ಹರಾಜಿಗೆ ನಮ್ಮ ಉತ್ತರದ ಕಡೆ ಹೇಳುವ ‘ಲಿಲಾವು’ ಪೋರ್ಚುಗೀಸರಿಂದ, ಗೋವೆಯ ದಾರಿಯಲ್ಲಿ ಬಂದದ್ದು. ಕನ್ನಡ, ತೆಲುಗು, ಉರ್ದು, ಮರಾಠಿ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಆಡುವ ರಾಯಚೂರಿನ ಅಂಗಡಿಕಾರನಿಗೆ ಇದು ವಿಶೇಷವೆನಿಸದು.

ರೈಲಿನಲ್ಲಿ ಬಂದ ಕಾಗದ

ಅಚ್ಚಾದ ಜಾಹೀರಾತು ನಮ್ಮ ಸೀಮೆಗೆ ಹೊರಗಿನಿಂದ ಬಂದಿತು. ಭಾರತದ ಮೊದಲ ಮುದ್ರಿತ ವೃತ್ತಪತ್ರಿಕೆಯಾದ 1780ರ ಹಿಕ್ಕಿಯ ‘ಬೆಂಗಾಲ್ ಗೆಜೆಟ್’ ತನ್ನ ಹೆಸರಿನಲ್ಲಿಯೇ ತಾನು ಜಾಹೀರಾತಿನ ಪತ್ರಿಕೆಯೆಂದು ಸಾರಿಕೊಂಡಿತ್ತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಹೊರಡಿಸಿದರು, ಮರುವರ್ಷವೇ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಬಳ್ಳಾರಿಯೆಂದರೆ ತುಂಗಭದ್ರೆಯ ಆಚೆ ದಡದ ನಮ್ಮ ನೆರೆಯೇ. ಆದರೆ ನದಿಯ ಈಚೆಗೆ ಆಡಳಿತದ ಭಾಷೆ ಮೊದಲು ಪಾರಸಿ, 1880ರ ದಶಕದಿಂದ ಉರ್ದು. ಸರಕಾರದ ಪ್ರಕಟಣೆಗಳು ಉರ್ದುವಿನಲ್ಲಿ ಹೊರಡುತ್ತಿದ್ದವು. ಕನ್ನಡ ಪತ್ರಿಕೆಯನ್ನು ಓದಬೇಕೆಂದವರು ಧಾರವಾಡ, ಬೆಂಗಳೂರು, ಮೈಸೂರುಗಳ ಕಡೆ ನೋಡಬೇಕಾಗಿತ್ತು. 1921ರಲ್ಲಿ ಧಾರವಾಡದಲ್ಲಿ ಆರಂಭವಾದ ‘ಕರ್ಮವೀರ’ದಂಥ ಪತ್ರಿಕೆಗಳು ಈ ಕಡೆಯ ಕನ್ನಡಿಗರಿಗೂ ಆಸರೆಯಾದವು.

ಮುಂಬಯಿ ಮತ್ತು ಮದರಾಸಿನ ಪತ್ರಿಕೆಗಳು ರೈಲಿನಲ್ಲಿ ಬರುತ್ತಿದ್ದವು. ಆ ಕಾಲದ ದೊಡ್ಡ ಪತ್ರಿಕೆಗಳ ಮುಖಪುಟದಲ್ಲಿ ಸುದ್ದಿಯಿರುತ್ತಿರಲಿಲ್ಲ, ಚಿಕ್ಕ ಚಿಕ್ಕ ಜಾಹೀರಾತುಗಳೇ ತುಂಬಿರುತ್ತಿದ್ದವು ಎಂದರೆ ಇಂದಿನ ಯುವಕರಿಗೆ ಆಶ್ಚರ್ಯವಾದೀತು. ಮದರಾಸಿನ ‘ಹಿಂದೂ’ ಪತ್ರಿಕೆಯಲ್ಲಿ ಈ ಪದ್ಧತಿ 1958ರವರೆಗೂ, ಲಂಡನ್ನಿನ ‘ಟೈಮ್ಸ್’ನಲ್ಲಿ 1966ರವರೆಗೂ ಉಳಿಯಿತು. ಗುಮಾಸ್ತರು ಬೇಕಾಗಿದ್ದಾರೆ, ಮನೆ ಬಾಡಿಗೆಗಿದೆ, ಹಾರ್ಮೋನಿಯಂ ಮಾರಾಟಕ್ಕಿದೆ, ಹಡಗು ಇಂಥ ದಿನ ಹೊರಡುತ್ತದೆ: ಇಡೀ ನಗರವೇ ಆ ಸಣ್ಣ ಅಕ್ಷರಗಳಲ್ಲಿ ಮಾತಾಡುತ್ತಿತ್ತು.

ಆ ಮಾತು ರಾಯಚೂರಿಗೆ ಬಂದು ಮುಟ್ಟುತ್ತಿದ್ದುದು ಅಂಚೆಯ ಮೂಲಕ. ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ 1877ರಲ್ಲಿ ಆರಂಭವಾದ ವಿ.ಪಿ.ಪಿ. ಪದ್ಧತಿಯಿಂದ, ಊರು ಬಿಡದೆ ದೂರದ ಅಂಗಡಿಯಿಂದ ಸಾಮಾನು ತರಿಸಿಕೊಂಡು, ಪಾರ್ಸಲು ಬಂದಾಗ ಹಣ ಕೊಡುವುದು ಸಾಧ್ಯವಾಯಿತು. ಕೈಗಡಿಯಾರ, ಪುಸ್ತಕ, ಔಷಧಿ, ಸುಗಂಧತೈಲ ಹೀಗೆ ಬರುತ್ತಿದ್ದವು. ಜಾಹೀರಾತಿನಲ್ಲಿ ಆರು ರೂಪಾಯಿ ಎಂದಿದ್ದರೆ ಅದು ಕಲ್ದಾರದ ಲೆಕ್ಕ; ಹಾಲಿಯಲ್ಲಿ ದುಡಿದವನ ಕೈಯಿಂದ ಏಳು ಹೋಗುತ್ತಿತ್ತು.

ಔಷಧಿಗಳ ಪ್ರಚಾರವೇ ಎಲ್ಲಕ್ಕೂ ಮುಂದೆ. ಆಂಧ್ರದ ಕಾಶೀನಾಥುನಿ ನಾಗೇಶ್ವರರಾಯರು 1893ರಲ್ಲಿ ಮುಂಬಯಿಯಲ್ಲಿ ಅಮೃತಾಂಜನವನ್ನು ತಯಾರಿಸತೊಡಗಿ, ಅದರ ಸಂಪಾದನೆಯಿಂದ 1908ರಲ್ಲಿ ‘ಆಂಧ್ರ ಪತ್ರಿಕೆ’ಯನ್ನು ಹೊರಡಿಸಿದರು. 1920ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಜಿಂದಾ ತಿಲಿಸ್ಮಾತ್ ನಮ್ಮ ಹಿರಿಯರ ಮನೆಗಳಲ್ಲಿ ನೆಗಡಿಗೂ ಹೊಟ್ಟೆನೋವಿಗೂ ಇದ್ದೇ ಇರುತ್ತಿತ್ತು. ಪತ್ರಿಕೆ ಓದಲಾರದವರಿಗೆ ಶೀಶೆಯ ಮೇಲಿನ ಚಿತ್ರವೇ ಗುರುತು. ಸೀಮೆಎಣ್ಣೆ ಡಬ್ಬಿಯ ಮೇಲೆ ಪ್ರಾಣಿ, ಕಡ್ಡಿಪೆಟ್ಟಿಗೆಯ ಮೇಲೆ ದೇವರು, ಬಟ್ಟೆಯ ತಾನಿನ ಮೇಲೆ ಬಣ್ಣದ ಚೀಟಿ: ಓದು ಬಾರದ ನಾಡಿನಲ್ಲಿ ವ್ಯಾಪಾರಸ್ಥರು ಕಣ್ಣಿಗೇ ಮಾತು ಕಲಿಸಿದರು.

ಕಿರ್ದಿಯ ಪುಸ್ತಕ, ಹೆಬ್ಬೆಟ್ಟಿನ ಗುರುತು

ಇಲ್ಲಿಗೆ ಬಂದಾಗ ನಾವು ಒಂದು ಗಂಭೀರ ವಿಷಯವನ್ನು ಎದುರಿಸಬೇಕಾಗಿದೆ. 1931ರ ಜನಗಣತಿಯ ಕಾಲಕ್ಕೂ ನಿಜಾಮ ರಾಜ್ಯದಲ್ಲಿ ನೂರು ಮಂದಿಯಲ್ಲಿ ಹತ್ತು ಮಂದಿಗೂ ಓದುಬರಹ ಬರುತ್ತಿರಲಿಲ್ಲ. ಅವರಿಗೆ ಅಚ್ಚಿನ ಜಾಹೀರಾತು ತಲುಪಲಿಲ್ಲವೆಂದರೆ ಅಷ್ಟೇನೂ ನಷ್ಟವಿಲ್ಲ. ಅಮೃತಾಂಜನವಿಲ್ಲದೆ ತಲೆನೋವು ಹೋದೀತು. ಆದರೆ ಇನ್ನೊಂದು ಬರಹ ಅವರನ್ನು ಬಿಡದೆ ಹಿಂಬಾಲಿಸುತ್ತಿತ್ತು. ಅದೇ ಸಾಹುಕಾರರ ಕಿರ್ದಿ ಪುಸ್ತಕ.

ಬಿತ್ತನೆಗೆ ಬೀಜ, ಮಗಳ ಮದುವೆಗೆ ಹಣ, ಬರಗಾಲದಲ್ಲಿ ಹೊಟ್ಟೆಗೆ ಜೋಳ, ಎಲ್ಲವೂ ಉದ್ರಿ. 1876-78ರ ಮಹಾಕ್ಷಾಮವನ್ನೂ 1899-1900ರ ಬರವನ್ನೂ ಕಂಡ ಈ ಎರೆಭೂಮಿಯಲ್ಲಿ ಸಾಲವಿಲ್ಲದ ಒಕ್ಕಲು ವಿರಳ. ಕೊಟ್ಟವನು ಬರೆದುಕೊಳ್ಳುತ್ತಾನೆ, ತೆಗೆದುಕೊಂಡವನು ಹೆಬ್ಬೆಟ್ಟು ಒತ್ತುತ್ತಾನೆ. ಒತ್ತಿದ ಕಾಗದದಲ್ಲಿ ಹತ್ತು ಬರೆದಿದೆಯೋ ನೂರು ಬರೆದಿದೆಯೋ ಒತ್ತಿದವನಿಗೆ ತಿಳಿಯದು. ಹೊಲದ ಮಾಲನ್ನು ಪೇಟೆಗೆ ತಂದರೆ ಅಡತಿಯ ಅಂಗಡಿಯಲ್ಲಿ ಹಮಾಲಿ, ತೂಕದ ಕೂಲಿ, ಕಡತ, ಧರ್ಮದ ಹೆಸರಿನ ಕಾಸು, ಮಾದರಿಯೆಂದು ತೆಗೆದ ಕಾಳು, ಎಲ್ಲವೂ ಕಳೆದು ಉಳಿದದ್ದು ಹಳೆಯ ಬಾಕಿಗೆ ಜಮಾ. ಎಲ್ಲ ಸಾಹುಕಾರರೂ ಮೋಸಗಾರರೆಂದು ನಾವು ಹೇಳುತ್ತಿಲ್ಲ. ಬರದ ವರ್ಷ ಉಗ್ರಾಣ ತೆರೆದು ಊರನ್ನು ಉಳಿಸಿದವರೂ ಇದ್ದರು. ಆದರೆ ಒಬ್ಬನೇ ಬರೆಯಬಲ್ಲ, ಒಬ್ಬನೇ ಓದಬಲ್ಲ ಲೆಕ್ಕದಲ್ಲಿ ನ್ಯಾಯವೆಂಬುದು ಬರೆಯುವವನ ಕರುಣೆಯ ಮೇಲೆ ನಿಂತಿರುತ್ತದೆ.

ಸಾಲ ತೀರದಿದ್ದಾಗ ಜೀತ. ಯುಗಾದಿಯಿಂದ ಯುಗಾದಿಗೆಂದು ಹೋದವನು ಮಗನನ್ನೂ ಅಲ್ಲಿಯೇ ಬಿಟ್ಟು ಸಾಯುತ್ತಿದ್ದನು. ಪತ್ರಿಕೆಯ ‘ಬೇಕಾಗಿದ್ದಾರೆ’ ಎಂಬ ಎರಡು ಸಾಲಿನ ಜಾಹೀರಾತಿನ ಬೆಲೆ ಇಲ್ಲಿ ತಿಳಿಯುತ್ತದೆ. ಅದರಲ್ಲಿ ಕೆಲಸವೇನು, ಸಂಬಳವೆಷ್ಟು ಎಂದು ಬರೆದಿರುತ್ತದೆ. ಓದಿದವನು ಅರ್ಜಿ ಹಾಕಬಹುದು, ಹಾಕದಿರಬಹುದು. ಆ ‘ಹಾಕದಿರಬಹುದು’ ಎಂಬ ಸ್ವಾತಂತ್ರ್ಯ ಜೀತದಾಳಿಗೆ ಇರಲಿಲ್ಲ. ದ್ರಾಕ್ಷಿತೋಟದ ಯಜಮಾನನು ಸಂತೆಯ ಚೌಕದಲ್ಲಿ ನಿಂತಿದ್ದ ಆಳುಗಳೊಡನೆ ದಿನಗೂಲಿಯ ಮಾತಾಡಿ ಕರೆದೊಯ್ದ ಸಾಮತಿಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಆ ಆಳುಗಳಿಗೆ ಕೂಲಿ ಮೊದಲೇ ಗೊತ್ತಿತ್ತು, ಸಂಜೆಗೆ ಲೆಕ್ಕ ಚುಕ್ತಾ ಆಯಿತು ಎಂಬುದನ್ನು ನಮ್ಮ ಸೀಮೆಯ ಜೀತದ ಪಕ್ಕದಲ್ಲಿಟ್ಟು ನೋಡಿದರೆ ಆ ಸಾಮತಿ ಇನ್ನೊಂದು ಬಗೆಯಲ್ಲಿ ಮನಸ್ಸನ್ನು ತಟ್ಟುತ್ತದೆ.

ತಿದ್ದುಪಡಿಯ ಕಾಲ

ಬದಲಾವಣೆ ನಿಧಾನವಾಗಿ ಬಂದಿತು. 1914ರಲ್ಲಿ ನಿಜಾಮ ರಾಜ್ಯದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನಾಯಿತು. 1930ರ ಕೃಷಿ ಮಾರುಕಟ್ಟೆಗಳ ಕಾನೂನು ಅಡತಿ, ತೂಕ, ವಜಾಗಳನ್ನು ನಿಯಮಕ್ಕೆ ಒಳಪಡಿಸಹೊರಟಿತು. ಬೆಲೆ ಟುವಾಲಿನ ಕೆಳಗಿನಿಂದ ಬಹಿರಂಗ ಸವಾಲಿಗೆ ಬರುವ ದಾರಿ ತೆರೆಯಿತು. ರಾಯಚೂರಿನ ಇಂದಿನ ರಾಜೇಂದ್ರ ಗಂಜಿನಲ್ಲಿ ದರದ ಫಲಕವನ್ನು ನೋಡುವ ರೈತನಿಗೆ ಇದು ಸಹಜವೆನಿಸಬಹುದು. ಅವನ ಅಜ್ಜನಿಗೆ ಅದು ಕನಸು. 1936ರಲ್ಲಿ ಜೀತದ ಕರಾರುಗಳನ್ನು ನಿರ್ಬಂಧಿಸುವ ಕಾನೂನು ಹೈದರಾಬಾದಿನಲ್ಲಿ ಬಂದಿತು. ಜೀತ ಪದ್ಧತಿಯೇ ದೇಶದಾದ್ಯಂತ ರದ್ದಾಗಲು 1976ರ ಕಾಯಿದೆಯವರೆಗೆ ಕಾಯಬೇಕಾಯಿತು.

ಕಾನೂನಿಗಿಂತ ಹೆಚ್ಚಾಗಿ ಕೆಲಸ ಮಾಡಿದ್ದು ಶಾಲೆ. ಮಂಗಳೂರಿನಲ್ಲಿ ಹುಟ್ಟಿದ ಪಂಡಿತ ತಾರಾನಾಥರು 1920ರ ದಶಕದ ಆರಂಭದಲ್ಲಿ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿಯೇ ನಡೆಯಿತು. ಕರಾವಳಿಯ ಇಬ್ಬರು ಶಿಕ್ಷಕರು ಉರ್ದು ಆಡಳಿತದ ಈ ಊರಿಗೆ ಬಂದು ಕನ್ನಡದ ಮಕ್ಕಳಿಗೆ ಧೈರ್ಯ ಹೇಳಿದ್ದು ಸಾಹಿತ್ಯದ ಸಂಗತಿ ಮಾತ್ರವಲ್ಲ. ಅಕ್ಷರ ಕಲಿತ ಮೊದಲ ತಲೆಮಾರಿನ ಹುಡುಗನು ಮನೆಗೆ ಬಂದು ಮೊದಲು ಓದುತ್ತಿದ್ದುದು ಕಾವ್ಯವನ್ನಲ್ಲ. ತಂದೆಯ ಸಾಲದ ಕಾಗದವನ್ನು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ಕರೋಡಗಿರಿಯ ನಾಕೆಗಳು ಹೋದವು, ಹಾಲಿ ಸಿಕ್ಕಾ ಹೋಯಿತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದು, ಮುಂದೆ ಮಾನ್ವಿಯ ಎರೆಹೊಲಗಳಲ್ಲಿ ಬತ್ತ ಬೆಳೆಯಿತು. 1956ರ ನವೆಂಬರ್ 1ರಂದು ರಾಯಚೂರು ಕನ್ನಡ ನಾಡಿನ ಭಾಗವಾಯಿತು. 1957ರಲ್ಲಿ ಆಣೆ ಪೈಗಳ ಸ್ಥಳದಲ್ಲಿ ನಯೇ ಪೈಸೆ ಬಂದಿತು. ಬೆನ್ನಿಗೇ ಸೇರು ಮಣಗಳ ಸ್ಥಳದಲ್ಲಿ ಕಿಲೋಗ್ರಾಂ ಬಂದಿತು.

ಉಪಸಂಹಾರ

ಇಂದು ಜಾಹೀರಾತು ಅಂಗೈಯಲ್ಲಿರುವ ಮೊಬೈಲಿನಲ್ಲಿ ಬರುತ್ತದೆ. ದೇವದುರ್ಗದ ಯುವಕನು ಬೆಂಗಳೂರಿನ ಕೆಲಸವನ್ನು ಅಲ್ಲಿಯೇ ನೋಡುತ್ತಾನೆ, ಟ್ರ್ಯಾಕ್ಟರನ್ನು ಅಲ್ಲಿಯೇ ಮಾರುತ್ತಾನೆ. ಆದರೆ ಹೆಬ್ಬೆಟ್ಟಿನ ಕಾಲ ಮುಗಿಯಿತೆಂದು ನಾವು ನಿಶ್ಚಿಂತರಾಗುವಂತಿಲ್ಲ. ಓದದೆ ಒಪ್ಪಿಗೆಯ ಗುಂಡಿ ಒತ್ತುವುದೂ ಹೆಬ್ಬೆಟ್ಟು ಒತ್ತುವುದೇ. ಕೆಲಸ ಕೊಡಿಸುತ್ತೇವೆಂದು ಹಣ ಕೀಳುವವರು, ಸುಲಭ ಸಾಲವೆಂದು ಕುಟುಂಬಗಳನ್ನು ಬಾಧಿಸುವವರು ನಮ್ಮ ನಡುವೆಯೂ ಇದ್ದಾರೆ. ಡಂಗುರದ ಕಾಲದಲ್ಲಿ ಸಾರಿದವನ ಮುಖ ಕಾಣುತ್ತಿತ್ತು, ಊರು ಸಾಕ್ಷಿಯಾಗಿತ್ತು. ಈಗ ಮುಖವೂ ಇಲ್ಲ, ಸಾಕ್ಷಿಯೂ ಇಲ್ಲ.

ಆದುದರಿಂದ ನಮ್ಮ ಧರ್ಮಕೇಂದ್ರದ ಕುಟುಂಬಗಳಲ್ಲಿ ನಾವು ಎರಡು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಮನೆಯ ಪೆಟ್ಟಿಗೆಗಳಲ್ಲಿರುವ ಹಳೆಯ ಕ್ರಯಪತ್ರ, ಸಾಲದ ಚೀಟಿ, ಅಂಗಡಿಯ ಪಟ್ಟಿ, ವಿ.ಪಿ. ರಸೀದಿಗಳನ್ನು ರದ್ದಿಗೆ ಹಾಕಬೇಡಿರಿ. ದೇವಾಲಯದ ಜ್ಞಾನಸ್ನಾನ ಪುಸ್ತಕದಷ್ಟೇ ಅವೂ ನಿಮ್ಮ ವಂಶದ ಚರಿತ್ರೆ. ಎರಡನೆಯದಾಗಿ, ಓದಬಲ್ಲವರು ಓದಲಾರದ ನೆರೆಯವರ ಕಾಗದವನ್ನು ಸಹಿಗೆ ಮುನ್ನ ಒಮ್ಮೆ ಓದಿ ಹೇಳಿರಿ. ಅದಕ್ಕೆ ಹಣ ಬೇಕಿಲ್ಲ, ಅರ್ಧ ಗಂಟೆಯ ಸಮಯ ಸಾಕು. ನಮ್ಮ ಹಿರಿಯರ ಕಾಲದಲ್ಲಿ ಅಂಥ ಅರ್ಧ ಗಂಟೆ ದೊರೆತಿದ್ದರೆ ಎಷ್ಟೋ ಹೊಲಗಳು ಉಳಿಯುತ್ತಿದ್ದವು, ಎಷ್ಟೋ ಮಕ್ಕಳು ಜೀತಕ್ಕೆ ಹೋಗದೆ ಶಾಲೆಗೆ ಹೋಗುತ್ತಿದ್ದರು.